ದಸರಾ ರಜೆಗೆ ಮುಂಚೆ ಮಗಳ ಟೀಚರ್‌ಗಳಿಗೆ ಏನು ಕೊಡಬಹುದು?

ಮಗಳು ಮೂರನೇ ಕ್ಲಾಸು, ಆರು ಜನ ಟೀಚರ್‌ಗಳು, ಕೈಯಲ್ಲಿ ಸಾವಿರ ರೂಪಾಯಿ, ಎಲ್ಲರಿಗೂ ಹೆಸರು ಬರೆಸಿದ ಮಗ್ ಕೊಡಲಾ ಅಂತ ಕೇಳಿದ್ದೀರಿ. ಮಗ್ ಬೇಡ. ನಾಲ್ಕಾರು ವರ್ಷ ಪಾಠ ಮಾಡಿದವರ ಮನೆಯಲ್ಲಿ ಮಗ್, ಫೋಟೋ ಫ್ರೇಮ್, ಪೆನ್ ಸ್ಟ್ಯಾಂಡ್ ಆಗಲೇ ಅಟ್ಟ ಸೇರಿರುತ್ತವೆ. ತಿಂದೋ ಬಳಸಿಯೋ ಖಾಲಿ ಮಾಡುವಂಥದ್ದು ಒಂದು ಕೊಡಿ, ಜೊತೆಗೆ ಮಗಳ ಕೈಬರಹದ ಕಾಗದ. ತರಗತಿಯ ಆಯಾ ಅವರನ್ನೂ ಸೇರಿಸಿ ಲೆಕ್ಕ ಏಳು ಅಂತ ಇಟ್ಟುಕೊಳ್ಳಿ.

ಹೆಚ್ಚು ಶ್ರಮ ಕಾಗದಕ್ಕೇ ಹಾಕಿ. ‘ನೀವೇ ಬೆಸ್ಟ್ ಟೀಚರ್’ ಅಂತ ಏಳಕ್ಕೂ ಒಂದೇ ಸಾಲು ಬರೆಸಿದರೆ ಸ್ಟಾಫ್ ರೂಮಿನಲ್ಲಿ ಪಕ್ಕಪಕ್ಕ ಇಟ್ಟಾಗ ಗೊತ್ತಾಗಿಬಿಡುತ್ತೆ. ಒಬ್ಬೊಬ್ಬರ ಬಗ್ಗೆಯೂ ಮಗಳನ್ನು ಎರಡು ಪ್ರಶ್ನೆ ಕೇಳಿ: ಮೊದಲು ಏನು ಬರ್ತಿರಲಿಲ್ಲ, ಈಗ ಬರುತ್ತೆ? ಅವರು ಹೇಳಿದ ಯಾವ ಮಾತು ನೆನಪಿದೆ? ಬಂದ ಉತ್ತರವನ್ನು ಅವಳ ಮಾತಲ್ಲೇ ಬರೆಸಿ. ‘ನೀವು ಬೆಂಕಿಕಡ್ಡಿ ಕಟ್ಟು ಬಿಚ್ಚಿ ತೋರಿಸಿದ ಮೇಲೆ ದಶಕ ತಗೊಂಡು ಕಳೆಯೋ ಲೆಕ್ಕ ನಂಗೆ ಬಂತು’ ಅನ್ನೋ ಒಂದು ಸಾಲು ಸಾಕು. ಒತ್ತಕ್ಷರ ತಪ್ಪಿದ್ದರೆ ಹಾಗೇ ಇರಲಿ, ತಿದ್ದಬೇಡಿ. ದಿನಕ್ಕೆ ಎರಡೇ ಬರೆಸಿ; ಒಂದೇ ಕೂತಲ್ಲಿ ಬರೆಸಿದರೆ ನಾಲ್ಕನೆಯದರಿಂದ ಮಗು ಹಿಂದಿನದನ್ನೇ ನಕಲು ಮಾಡುತ್ತೆ. ಕೆಳಗೆ ಹೆಸರು, ತರಗತಿ, ತಾರೀಖು ಮರೆಯಬೇಡಿ. ಎಷ್ಟೋ ವರ್ಷದ ಮೇಲೆ ಕೈಗೆ ಸಿಕ್ಕಾಗ ಯಾವ ಮಗು ಅಂತ ತಿಳಿಯಬೇಕಲ್ಲ.

ಖಾಲಿಯಾಗುವ ವಸ್ತುವಿಗೆ ನನ್ನ ಆಯ್ಕೆ ಮನೆಯ ಚಟ್ನಿಪುಡಿ. ಸ್ಕೂಲಿಂದ ಸುಸ್ತಾಗಿ ಬಂದವರಿಗೆ ಅವತ್ತಿನ ರಾತ್ರಿ ದೋಸೆಗೇ ಆಗುತ್ತೆ. ಏಳು ಬಾಟಲಿಗೆ 200 ಗ್ರಾಂ ಹಿಡಿಯುವ ಲೋಟದಲ್ಲಿ ಎರಡು ಲೋಟ ಕಡ್ಲೆಬೇಳೆ, ಒಂದು ಲೋಟ ಉದ್ದಿನಬೇಳೆ, ಸುಮಾರು 40 ಬ್ಯಾಡಗಿ ಮೆಣಸಿನಕಾಯಿ, ಒಂದು ಲೋಟ ಒಣಕೊಬ್ಬರಿ ತುರಿ, ದೊಡ್ಡ ನಿಂಬೆಹಣ್ಣಿನಷ್ಟು ಹುಣಸೆ, ನಾಲ್ಕು ಎಸಳು ಕರಿಬೇವು, ಇಂಗು, ಉಪ್ಪು, ಸ್ವಲ್ಪ ಬೆಲ್ಲ. ಬೇಳೆಗಳನ್ನು ಬೇರೆಬೇರೆ ಹುರಿಯಿರಿ, ಉದ್ದು ಬೇಗ ಕೆಂಪಾಗುತ್ತೆ. ಕೆಡೋದು ಹೆಚ್ಚಾಗಿ ಹುಣಸೆ ಮತ್ತು ಕರಿಬೇವಿನ ಪಸೆಯಿಂದ. ಹುಣಸೆಯನ್ನು ಎಳೆಎಳೆಯಾಗಿ ಬಿಡಿಸಿ ಬಿಸಿ ಬಾಣಲೆಯಲ್ಲಿ ಗಟ್ಟಿಯಾಗುವವರೆಗೆ ಬಾಡಿಸಿ. ಕರಿಬೇವು ಬೆರಳಲ್ಲಿ ಹಿಡಿದರೆ ಪುಡಿಯಾಗಬೇಕು. ಕೊಬ್ಬರಿಗೆ ಒಲೆ ಆರಿಸಿದ ಮೇಲಿನ ಬಾಣಲೆಯ ಬಿಸಿ ಸಾಕು, ಮಿಕ್ಸಿಗೂ ಕೊನೆಯಲ್ಲಿ ಹಾಕಿ ಎರಡೇ ಸುತ್ತು ತಿರುಗಿಸಿ. ಜಾಸ್ತಿ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ. ಪುಡಿಯನ್ನು ಪೇಪರ್ ಮೇಲೆ ಹರಡಿ ಒಂದು ಗಂಟೆ ಪೂರ್ತಿ ಆರಲು ಬಿಡಿ. ಬೆಚ್ಚಗಿರುವಾಗಲೇ ತುಂಬಿದರೆ ಮುಚ್ಚಳದ ಒಳಗೆ ಬೆವರು ಕೂತು ಬೂಸ್ಟು ಬರುತ್ತೆ.

ತಲಾ ನೂರು ಗ್ರಾಂ ಚಿಲ್ಲರೆ ಬರುತ್ತೆ, ಅದಕ್ಕೆ 250 ಮಿ.ಲೀ. ಗಾಜಿನ ಬಾಟಲಿ ಬೇಕು. 100 ಮಿ.ಲೀ.ದು ತಂದು ಪೇಚಾಡುವವರೇ ಜಾಸ್ತಿ. ನವರಾತ್ರಿಯಲ್ಲಿ ಬೆಳ್ಳುಳ್ಳಿ ಬಿಡುವ ಮನೆಗಳು ಬಹಳ, ಹಾಗಾಗಿ ಬೆಳ್ಳುಳ್ಳಿ ಬೇಡ. ಚೀಟಿಯಲ್ಲಿ ‘ಬೆಳ್ಳುಳ್ಳಿ ಇಲ್ಲ’ ಅಂತಲೂ, ಮಾಡಿದ ದಿನವನ್ನೂ, ತಿಂಗಳೊಳಗೆ ಬಳಸಿ ಅಂತಲೂ ಬರೆಯಿರಿ. ಬಾಟಲಿ ಸೇರಿ ಐನೂರರ ಆಸುಪಾಸಲ್ಲಿ ಮುಗಿಯುತ್ತೆ. ಕ್ಲಾಸ್ ಟೀಚರ್‌ಗೆ ದೊಡ್ಡದು ಅಂತ ಮಾಡಬೇಡಿ, ಎಲ್ಲರಿಗೂ ಒಂದೇ ಅಳತೆ.

ಪುಡಿ ಮಾಡಲು ಪುರುಸೊತ್ತಿಲ್ಲದಿದ್ದರೆ ಒಳ್ಳೆಯ ಕೆಂಪು ಬಾಲ್ ಪೆನ್ ಐದರ ಕಟ್ಟು ಕೊಡಿ. ಜೆಲ್ ಪೆನ್ ಬೇಡ, ತೆಳು ನೋಟ್‌ಬುಕ್ ಹಾಳೆಯ ಹಿಂದಕ್ಕೆ ಇಳಿಯುತ್ತೆ. ಬಿಳಿ ಬೋರ್ಡ್ ಇರುವ ಶಾಲೆಯಾದರೆ ಮಾರ್ಕರ್ ಆಗುತ್ತೆ, ಆದರೆ ಮೈಮೇಲೆ ‘ವೈಟ್‌ಬೋರ್ಡ್’ ಅಂತ ಇದೆಯಾ ನೋಡಿ. ಪರ್ಮನೆಂಟ್ ಮಾರ್ಕರ್ ನೋಡಲು ಹಾಗೇ ಇರುತ್ತೆ, ಬರೆದದ್ದು ಡಸ್ಟರ್‌ಗೆ ಅಳಿಯಲ್ಲ.

ಶಾಲೆಯ ಡೈರಿ ಒಮ್ಮೆ ನೋಡಿ. ಸರ್ಕಾರಿ ಶಿಕ್ಷಕರಿಗೆ ಉಡುಗೊರೆ ಬಗ್ಗೆ ನಡತೆ ನಿಯಮಗಳಿವೆ, ಕೆಲವು ಖಾಸಗಿ ಶಾಲೆಗಳು ಏನನ್ನೂ ತರಬೇಡಿ ಅನ್ನುತ್ತವೆ. ಅಂಥ ಕಡೆ ಕಾಗದ ಮಾತ್ರ ಕಳಿಸಿ, ಏನೂ ಕಡಿಮೆಯಾಗಲ್ಲ.

ರಜೆಯ ಹಿಂದಿನ ದಿನ ಗಲಾಟೆ ಇರುತ್ತೆ, ಎರಡು ದಿನ ಮುಂಚೆಯೇ ಕೊಡಿಸಿ. ಗಾಜಿನ ಬಾಟಲಿಗಳನ್ನು ಒಂದೊಂದಾಗಿ ಪೇಪರ್ ಸುತ್ತಿ ಬಟ್ಟೆ ಚೀಲದಲ್ಲಿಟ್ಟು ನೀವೇ ಗೇಟಿನವರೆಗೆ ಹಿಡಿದುಕೊಂಡು ಹೋಗಿ, ಮಗುವಿನ ಸ್ಕೂಲ್ ಬ್ಯಾಗಿಗೆ ತುಂಬಬೇಡಿ.