ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳಿಗೆ ಆರು ಮೂಲೆ ಬಂದಿದ್ದು ಹೇಗೆ? ಯಾರಾದರೂ ಕೆತ್ತಿದ್ದಾ?

ಯಾರೂ ಕೆತ್ತಿಲ್ಲ. ಬಿಸಿ ಲಾವಾ ತಣಿಯುವಾಗ ಕುಗ್ಗಿ, ತಾನಾಗಿಯೇ ಬಿರುಕು ಬಿಟ್ಟು ಆದ ಆಕಾರ ಅದು.

ಲಾವಾ ಗಟ್ಟಿಯಾದ ಮೇಲೂ ತಣಿಯುತ್ತಾ ಕುಗ್ಗುತ್ತಲೇ ಇರುತ್ತದೆ. ಆದರೆ ಅಕ್ಕಪಕ್ಕದ ಕಲ್ಲು ಬಿಡುವುದಿಲ್ಲ, ಎಲ್ಲ ಕಡೆಯಿಂದ ಎಳೆತ. ಕೊನೆಗೆ ಒಡೆಯುತ್ತದೆ, ಬೇಸಿಗೆಯಲ್ಲಿ ಒಣಗಿದ ಗದ್ದೆಯ ಕೆಸರಿನ ಹಾಗೆ. ಮೂರು ಬಿರುಕುಗಳು ಸುಮಾರು 120 ಡಿಗ್ರಿ ಕೋನದಲ್ಲಿ ಸೇರಿದರೆ ಆ ಎಳೆತ ಚೆನ್ನಾಗಿ ಸಡಿಲವಾಗುತ್ತದೆ. ಅಂಥ ಕೋನಗಳು ಜೋಡಿಸಿಕೊಂಡಾಗ ಆರು ಮೂಲೆ ಬರುತ್ತದೆ. ತಣಿಯುವಿಕೆ ಒಳಗೆ ಇಳಿದಂತೆ ಬಿರುಕೂ ಇಳಿಯುತ್ತದೆ, ಅದಕ್ಕೇ ಉದ್ದನೆಯ ಕಂಬ. ಎಲ್ಲವೂ ಆರೇ ಅಲ್ಲ, ಎಣಿಸಿ ನೋಡಿ: ಐದು, ಏಳು ಮೂಲೆಯವೂ ಸಿಗುತ್ತವೆ.

ಎಷ್ಟು ಬಿಸಿಯಲ್ಲಿ ಒಡೆಯುತ್ತದೆ? ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಇದನ್ನು ಲ್ಯಾಬಿನಲ್ಲೇ ಮಾಡಿ ನೋಡಿ 2018ರಲ್ಲಿ ಪ್ರಕಟಿಸಿದರು. ಐಸ್‌ಲ್ಯಾಂಡಿನ ಬಸಾಲ್ಟ್ ಕಲ್ಲಿನ (ಕಪ್ಪು ಲಾವಾ ಕಲ್ಲು) ತುಂಡನ್ನು ಎರಡೂ ತುದಿ ಬಿಗಿಹಿಡಿದು ಕಾಯಿಸಿ, ತಣಿಯಲು ಬಿಟ್ಟರು. 840ರಿಂದ 890 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದು ಟಪ್ಪೆಂದು ಒಡೆಯಿತು. ಅಂದರೆ ಕಲ್ಲು ಇನ್ನೂ ಕೆಂಡದಂತಿರುವಾಗಲೇ! ನನಗಂತೂ ಇದು ಆಶ್ಚರ್ಯ. ಪೂರ್ತಿ ತಣಿದ ಮೇಲೆ ಬಿರುಕು ಬರುತ್ತದೆ ಅಂತಲೇ ಅಲ್ವಾ ಅನಿಸುವುದು?

ಆದರೆ ಈ ಅಂಕಿಯನ್ನು ಸುಮ್ನೆ ಮಲ್ಪೆಗೆ ಹಾಕಬೇಡಿ. ನಮ್ಮ ದ್ವೀಪದ್ದನ್ನೂ ಬಸಾಲ್ಟ್ ಅಂತ ಹೇಳುವವರಿದ್ದಾರೆ, ಆದರೆ ಇದರಲ್ಲಿ ಸಿಲಿಕಾ (ಮರಳಿನಲ್ಲಿರುವ ಅಂಶ) ಜಾಸ್ತಿ. ರಯೋಲೈಟ್, ಡೇಸೈಟ್ ಜಾತಿಯ ಲಾವಾ ಇದು. ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು.