ಬ್ಯಾಂಕಿನಿಂದ ಕ್ರೀಡಾ ಫೆಡರೇಷನ್ನಿಗೆ: ದಾರಿ ಖಜಾಂಚಿ ಕುರ್ಚಿಯಿಂದ

ಪ್ರಶ್ನೆ: ನನಗೆ 52 ವರ್ಷ. ಶಿರಸಿಯಲ್ಲಿ ಬ್ಯಾಂಕ್ ಮ್ಯಾನೇಜರ್. ಕಾಲೇಜಿನಲ್ಲಿ ಕಬಡ್ಡಿ ಆಡಿದ್ದೆ. ಬ್ಯಾಂಕಿನಲ್ಲಿದ್ದವರು ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಪದಾಧಿಕಾರಿಗಳಾದ ಸುದ್ದಿ ಓದಿದಾಗೆಲ್ಲ ಆಸೆಯಾಗುತ್ತದೆ. ನಿವೃತ್ತಿಯಾದ ಮೇಲೆ ಆ ಕಡೆ ಹೋಗಬಹುದೇ? ಸಂಬಳ ಇರುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಹೋಗಬಹುದು, ಆದರೆ ನಿವೃತ್ತಿವರೆಗೆ ಕಾಯಬೇಡಿ. ಸಂಬಳದ ಆಸೆಯನ್ನಂತೂ ಬಿಟ್ಟುಬಿಡಿ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲ ಸಾಮಾನ್ಯವಾಗಿ ಗೌರವ ಹುದ್ದೆಗಳು. ಸಂಬಳ ಬರುವುದು ಫೆಡರೇಷನ್ ನೇಮಿಸಿಕೊಳ್ಳುವ ಸಿಇಒನಂಥವರಿಗೆ. ಅದು ಬೇರೆ ದಾರಿ.

ಕ್ರಿಕೆಟಿಗರಾದ ಅಜಿತ್ ವಾಡೇಕರ್, ಜಿ.ಆರ್. ವಿಶ್ವನಾಥ್ ಇಬ್ಬರೂ ಸ್ಟೇಟ್ ಬ್ಯಾಂಕಿನಲ್ಲಿದ್ದವರು. ಮುಂದೆ ಇಬ್ಬರೂ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆದರೆ ಅವರನ್ನು ಅಲ್ಲಿಗೆ ಕರೆದೊಯ್ದದ್ದು ಅವರ ಬ್ಯಾಟು, ಬ್ಯಾಂಕಲ್ಲ. ನಮ್ಮ ನಿಮ್ಮಂಥವರು ಮೆಟ್ಟಿಲು ಹತ್ತಿಯೇ ಹೋಗಬೇಕು. ಮೊದಲು ಜಿಲ್ಲಾ ಸಂಸ್ಥೆ, ಅಲ್ಲಿಂದ ರಾಜ್ಯ ಸಂಸ್ಥೆ, ಆಮೇಲೆ ರಾಷ್ಟ್ರೀಯ ಫೆಡರೇಷನ್. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಇದನ್ನು ಇನ್ನಷ್ಟು ಬಿಗಿ ಮಾಡಿದೆ. ಫೆಡರೇಷನ್ನಿನ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಆಗಬೇಕಾದರೆ ದೊಡ್ಡ ಆಟಗಾರರಾಗಿರಬೇಕು, ಇಲ್ಲವೇ ಫೆಡರೇಷನ್ನಿನ ಕಾರ್ಯಕಾರಿ ಸಮಿತಿಯಲ್ಲೋ ರಾಜ್ಯ ಘಟಕದ ಪದಾಧಿಕಾರಿಯಾಗಿಯೋ ಅವಧಿ ಮುಗಿಸಿರಬೇಕು. ವಯಸ್ಸಿನ ಮಿತಿ 70. ಅಂತರರಾಷ್ಟ್ರೀಯ ಸಂಸ್ಥೆಯ ನಿಯಮ ಒಪ್ಪಿದರೆ ಮಾತ್ರ 75ರವರೆಗೆ ಅವಕಾಶ. 60ಕ್ಕೆ ನಿವೃತ್ತಿಯಾಗಿ ಜಿಲ್ಲೆಯಿಂದ ಶುರು ಮಾಡಿದರೆ, ನಾಲ್ಕು ನಾಲ್ಕು ವರ್ಷದ ಅವಧಿಗಳಲ್ಲಿ ದೆಹಲಿ ತಲುಪುವಷ್ಟರಲ್ಲಿ 68 ಆಗಿ ನಿಮ್ಮ ಸಮಯ ಮುಗಿಯುತ್ತಾ ಬಂದಿರುತ್ತದೆ. ಲೆಕ್ಕ ನಿಮಗೇ ಗೊತ್ತಲ್ವಾ?

ಹಾಗಾಗಿ ಜಿಲ್ಲಾ ಸಂಸ್ಥೆಯ ಖಜಾಂಚಿ ಸ್ಥಾನ ಕೇಳಿ. ಯಾರೂ ಜಗಳ ಆಡದ ಕುರ್ಚಿ ಅದೊಂದೇ! ಅಧ್ಯಕ್ಷರಾಗಲು ಘಟ್ಟದ ಮೇಲಿನವರಿಗೂ ಕರಾವಳಿಯವರಿಗೂ ಪೈಪೋಟಿ ಇರುತ್ತದೆ, ಸಭೆ ಕಾರವಾರದಲ್ಲೋ ಶಿರಸಿಯಲ್ಲೋ ಎಂಬುದಕ್ಕೇ ಅರ್ಧ ದಿನ ಹೋಗುತ್ತದೆ. ರಸೀದಿ ಪುಸ್ತಕ ಮಾತ್ರ ಯಾರಿಗೂ ಬೇಡ.

ಅಲ್ಲಿನ ಲೆಕ್ಕ ಹೇಗಿರುತ್ತದೆ ಗೊತ್ತಾ? ಮ್ಯಾಟ್ ತಂದ ಲಾರಿಯ ಬಾಡಿಗೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿರುತ್ತದೆ. ರೆಫ್ರಿಗಳ ಭತ್ಯೆಗೆ ಸಹಿ ಇರುತ್ತದೆ, ಮೊತ್ತ ಇರುವುದಿಲ್ಲ. ಚಹಾ ತಿಂಡಿ ಬಿಲ್ಲಿಗೆ ತಾರೀಖೇ ಇರುವುದಿಲ್ಲ. ಸರ್ಕಾರದ ಅನುದಾನ ಬಂದರೆ ಅದು ಹೇಗೆ ಖರ್ಚಾಯಿತು ಎಂದು ತೋರಿಸುವ ಬಳಕೆ ಪ್ರಮಾಣಪತ್ರ ಕೊಡಬೇಕು. ಅದು ಬಾಕಿ ಉಳಿದರೆ ಮುಂದಿನ ಕಂತಿಗೆ ತಡೆ ಬೀಳುತ್ತದೆ, ಕೊನೆಗೆ ಹಳ್ಳಿಯ ಹುಡುಗರು ಸ್ವಂತ ದುಡ್ಡಲ್ಲಿ ಬಸ್ ಹತ್ತಬೇಕಾಗುತ್ತದೆ. ವೋಚರ್ ನೋಡಿದ ಕೂಡಲೇ ತಪ್ಪು ಹಿಡಿಯುವ ನಿಮ್ಮ ಕಣ್ಣಿಗೆ ಇಲ್ಲಿ ಬೆಲೆ ಇದೆ. ರಾಜ್ಯ ಸಂಸ್ಥೆಯವರು ಅಂಥವರನ್ನು ಬೇಗ ಗುರುತಿಸುತ್ತಾರೆ.

ಒಂದು ಎಚ್ಚರ. ಕಬಡ್ಡಿ ಫೆಡರೇಷನ್ ವರ್ಷಗಟ್ಟಲೆ ಒಂದೇ ಕುಟುಂಬದ ಹಿಡಿತದಲ್ಲಿತ್ತು. 2018ರಲ್ಲಿ ದೆಹಲಿ ಹೈಕೋರ್ಟ್ ಚುನಾವಣೆಯನ್ನೇ ರದ್ದು ಮಾಡಿ ಆಡಳಿತಾಧಿಕಾರಿಯನ್ನು ಕೂರಿಸಿತು. ನಿಮ್ಮ ಜಿಲ್ಲಾ ಸಂಸ್ಥೆಗೆ ಮಾನ್ಯತೆ ಕೊಟ್ಟಿರುವ ರಾಜ್ಯ ಸಂಸ್ಥೆ ಯಾವುದು, ಅದರ ಚುನಾವಣೆ ಸರಿಯಾಗಿ ನಡೆದಿದೆಯೇ ಎಂದು ಮೊದಲು ವಿಚಾರಿಸಿ. ಒಂದೇ ಆಟಕ್ಕೆ ಎರಡು ಸಂಸ್ಥೆಗಳು ಇದ್ದರೆ ಸುಮ್ನೆ ಕೋರ್ಟು ಕಚೇರಿ ಅಲೆದಾಟ.

ಬ್ಯಾಂಕಿನಿಂದ ಮುಂಚಿತವಾಗಿ ಬರಹದಲ್ಲಿ ಅನುಮತಿ ಪಡೆಯಿರಿ. ಮ್ಯಾನೇಜರರು ಬಾಯಿಮಾತಿಗೆ ಹೂಂ ಅಂದರೆ ಸಾಲದು ಎಂದು ನಿಮಗೆ ಹೇಳಬೇಕಾಗಿಲ್ಲ, ನೀವೇ ಮ್ಯಾನೇಜರು. ಸಂಸ್ಥೆಯ ಖಾತೆ ನಿಮ್ಮದೇ ಶಾಖೆಯಲ್ಲಿದ್ದರೆ ಅದನ್ನು ಬೇರೆ ಶಾಖೆಗೆ ಹಾಕಿಸಿ. ಕುರ್ಚಿಯಲ್ಲಿ ಕೂರುವ ಮೊದಲು ಹಿಂದಿನ ಮೂರು ವರ್ಷದ ಆಡಿಟ್ ವರದಿ ಕೇಳಿ. ಕೊಡಲು ಮೀನಮೇಷ ಎಣಿಸಿದರೆ ಆ ಸಂಸ್ಥೆಗೆ ಕೈ ಮುಗಿದು, ಹಳಿಯಾಳದ ಕುಸ್ತಿಯವರನ್ನೋ ಶಿರಸಿಯ ಅಥ್ಲೆಟಿಕ್ಸ್‌ನವರನ್ನೋ ಮಾತಾಡಿಸಿ.