ಮೋಡ ಕವಿದ ದಿನವೂ ಚರ್ಮ ಉರಿಯುವುದೇಕೆ?

ಪ್ರಶ್ನೆ: ಆಗಸ್ಟ್ ತಿಂಗಳಲ್ಲಿ ಮನೆಯವರೆಲ್ಲ ಮಲ್ಪೆ ಕಡಲತೀರಕ್ಕೆ ಹೋಗಿದ್ದೆವು. ಮೋಡ ಕವಿದು ಗಾಳಿಯೂ ತಂಪಾಗಿದ್ದುದರಿಂದ ಮಗಳು ಮಧ್ಯಾಹ್ನವೆಲ್ಲ ಮರಳಿನಲ್ಲೇ ಆಡಿದಳು. ರಾತ್ರಿಯ ಹೊತ್ತಿಗೆ ಅವಳ ಮೂಗು, ಭುಜಗಳು ಕೆಂಪಾಗಿ ಉರಿಯತೊಡಗಿದವು. ಮೋಡಗಳು ನೇರಳಾತೀತ (ಯುವಿ) ಕಿರಣಗಳನ್ನು ತಡೆಯುವುದಿಲ್ಲವೇ? ಓಝೋನ್ ಪದರದಲ್ಲಿ ರಂಧ್ರವಾಗಿರುವುದು ಇದಕ್ಕೆ ಕಾರಣವೇ?
— ಓದುಗರೊಬ್ಬರು, ಉಡುಪಿ

ಉತ್ತರ: ಓಝೋನ್ ರಂಧ್ರಕ್ಕೂ ನಿಮ್ಮ ಮಗಳ ಭುಜದ ಉರಿಗೂ ಸಂಬಂಧವಿಲ್ಲ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ವರದಿ ಮಾಡಿದ ಆ ರಂಧ್ರ ಕಾಣಿಸಿಕೊಳ್ಳುವುದು ಅಂಟಾರ್ಕ್ಟಿಕಾದ ಮೇಲೆ, ಅದೂ ಅಲ್ಲಿನ ವಸಂತ ಋತುವಿನಲ್ಲಿ. ನಮ್ಮ ಕರಾವಳಿಯ ಮೇಲೂ ಓಝೋನ್ ತೆಳುವಾಗಿದೆ ಎಂಬುದೇನೋ ನಿಜ, ಆದರೆ ಅದು ಹಾನಿಯ ಫಲವಲ್ಲ. ಓಝೋನ್ ಹೆಚ್ಚಾಗಿ ಹುಟ್ಟುವುದು ಉಷ್ಣವಲಯದಲ್ಲೇ ಆದರೂ ಮೇಲಿನ ವಾಯುಮಂಡಲದ ಗಾಳಿಯ ಚಲನೆ ಅದನ್ನು ಧ್ರುವಗಳ ಕಡೆಗೆ ಒಯ್ಯುತ್ತದೆ. ಹೀಗಾಗಿ ನಮ್ಮ ನೆತ್ತಿಯ ಮೇಲಿರುವ ಓಝೋನನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ ಇಳಿಸಿ ಹರಡಿದರೆ ಅದು 3 ಮಿಲಿಮೀಟರ್ ದಪ್ಪವೂ ಇರುವುದಿಲ್ಲ.

ಇಷ್ಟು ತೆಳುವಾದ ಅನಿಲವೇ 280 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಯುವಿ-ಸಿ ಕಿರಣಗಳನ್ನು ನೆಲಕ್ಕೆ ಮುಟ್ಟಗೊಡುವುದಿಲ್ಲ, 280ರಿಂದ 315ರವರೆಗಿನ ಯುವಿ-ಬಿಯಲ್ಲೂ ಬಹುಪಾಲನ್ನು ಹೀರಿಕೊಳ್ಳುತ್ತದೆ. ಚರ್ಮವನ್ನು ಕೆಂಪಾಗಿಸುವುದರಲ್ಲಿ ದೊಡ್ಡ ಪಾಲು ಉಳಿದ ಯುವಿ-ಬಿಯದು. ಅದಕ್ಕಿಂತ ಉದ್ದ ತರಂಗಾಂತರದ ಯುವಿ-ಎ ಕಿರಣಗಳಿಗೆ ಓಝೋನ್ ಹೆಚ್ಚುಕಡಿಮೆ ಅಡ್ಡಿಯೇ ಅಲ್ಲ. ಓಝೋನ್ ಶೇ. 1ರಷ್ಟು ಕಡಿಮೆಯಾದರೆ ಚರ್ಮ ಸುಡುವ ವಿಕಿರಣ ಶೇ. 1ಕ್ಕಿಂತ ತುಸು ಹೆಚ್ಚು ಏರುತ್ತದೆ. ಆದರೆ ನಮ್ಮ ಅಕ್ಷಾಂಶದಲ್ಲಿ ಓಝೋನ್ ದಿನದಿಂದ ದಿನಕ್ಕೆ ಬದಲಾಗುವುದು ಅಲ್ಪವೇ. ದಿನದ ಏರಿಳಿತವನ್ನು ನಿರ್ಧರಿಸುವುದು ಮೊದಲು ಸೂರ್ಯನ ಎತ್ತರ, ಬಳಿಕ ಮೋಡ.

ಮಳೆಗಾಲದ ಸೂರ್ಯನನ್ನು ನಾವು ಹಗುರವಾಗಿ ಪರಿಗಣಿಸುತ್ತೇವೆ. ಮಂಗಳೂರು, ಉಡುಪಿಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯದ ನಂತರ. ಮೋಡ ಸರಿದ ಆಗಸ್ಟ್ ಮಧ್ಯಾಹ್ನ, ಈ ಲೆಕ್ಕದಲ್ಲಿ, ಏಪ್ರಿಲ್ ಮಧ್ಯಾಹ್ನಕ್ಕಿಂತ ಸೌಮ್ಯವೇನಲ್ಲ.

ಮೋಡ ತಡೆಯುತ್ತದೆಯೇ ಎಂದರೆ, ಎಂಥ ಮೋಡ ಎಂದು ಕೇಳಬೇಕಾಗುತ್ತದೆ. ಜೂನ್, ಜುಲೈಯಲ್ಲಿ ದಿನವಿಡೀ ಸುರಿಯುವ ಕಪ್ಪು ಮೋಡ ನೇರಳಾತೀತ ಕಿರಣಗಳ ಬಹುಪಾಲನ್ನು ಮೇಲಕ್ಕೇ ಹಿಂದಿರುಗಿಸುತ್ತದೆ. ಆದರೆ ತೆಳುವಾದ ಮೋಡದ ಮೂಲಕ ಶೇ. 90ಕ್ಕಿಂತ ಹೆಚ್ಚು ಯುವಿ ಹಾದುಬರಬಹುದು. ಮೋಡದ ನೀರಹನಿಗಳು ಯುವಿಯನ್ನು ಚದುರಿಸುತ್ತವೆಯೇ ಹೊರತು ಅಷ್ಟಾಗಿ ಹೀರುವುದಿಲ್ಲ. ಬಿಸಿಲಿನ ಕಾವನ್ನು ತರುವ ಅವಕೆಂಪು ಕಿರಣಗಳನ್ನಾದರೆ ಅವು ಚೆನ್ನಾಗಿಯೇ ಹೀರಿಕೊಳ್ಳುತ್ತವೆ. ಆದ್ದರಿಂದ ಕಾವು ಇಳಿದಷ್ಟು ಯುವಿ ಇಳಿಯುವುದಿಲ್ಲ. ಮೈಗೆ ತಂಪೆನಿಸಿದ್ದರಿಂದಲೇ ನಿಮ್ಮ ಮಗಳು ಅಷ್ಟು ಹೊತ್ತು ಹೊರಗಿದ್ದಳು. ಇನ್ನೊಂದು ಸಂಗತಿ ಹಲವರಿಗೆ ನಂಬಲು ಕಷ್ಟವಾಗುತ್ತದೆ. ಹತ್ತಿಯಂಥ ಬಿಡಿ ಮೋಡಗಳ ನಡುವಿನಿಂದ ಸೂರ್ಯ ಇಣುಕಿದಾಗ, ನೇರ ಕಿರಣಗಳ ಜೊತೆಗೆ ಮೋಡದ ಅಂಚುಗಳಿಂದ ಚದುರಿದ ಕಿರಣಗಳೂ ಸೇರಿ, ನೆಲದ ಮೇಲಿನ ಯುವಿ ಸ್ವಲ್ಪ ಹೊತ್ತು ನಿರಭ್ರ ಆಕಾಶದ ದಿನಕ್ಕಿಂತಲೂ ಹೆಚ್ಚಾಗಬಹುದು.

ಇದಕ್ಕೆ ಒಣ ಮರಳು ಸುಮಾರು ಶೇ. 15, ಅಲೆಯ ನೊರೆ ಸುಮಾರು ಶೇ. 25ರಷ್ಟು ಪ್ರತಿಫಲನವನ್ನು ಸೇರಿಸುತ್ತವೆ. ಯುವಿ ಇಡೀ ಆಕಾಶದಿಂದ ಚದುರಿ ಬರುವುದರಿಂದ ಕಡಲತೀರದಲ್ಲಿ ಬರಿಯ ಕೊಡೆ ಪೂರ್ತಿ ರಕ್ಷಣೆಯಲ್ಲ.

ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡದಾಗಿದ್ದರೆ ಯುವಿ ಪ್ರಬಲವೆಂದು ತಿಳಿಯಬಹುದು. ಮೋಡವಿದ್ದಾಗ ನೆರಳು ಕಾಣದು, ಆಗ ಗಡಿಯಾರವನ್ನೇ ನಂಬಬೇಕು. ನಮ್ಮೂರು ಭಾರತೀಯ ಕಾಲಮಾನದ ರೇಖೆಗೆ ಪಶ್ಚಿಮದಲ್ಲಿರುವ ಕಾರಣ ಸೂರ್ಯ ಅತ್ಯಂತ ಎತ್ತರಕ್ಕೇರುವುದು ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಆದ್ದರಿಂದ ಹತ್ತೂವರೆಯಿಂದ ಎರಡೂವರೆಯವರೆಗೆ ಮಕ್ಕಳಿಗೆ ತೋಳು ಮುಚ್ಚುವ ಅಂಗಿ, ಅಗಲ ಅಂಚಿನ ಟೋಪಿ, ತೆರೆದ ಚರ್ಮಕ್ಕೆ ಸನ್‌ಸ್ಕ್ರೀನ್ ಬಳಸಿ. ನೀರಿಗಿಳಿದು ಬಂದ ಮೇಲೆ ಅದನ್ನು ಮತ್ತೆ ಹಚ್ಚಬೇಕು. ಮಗಳ ಭುಜದಲ್ಲಿ ಗುಳ್ಳೆಗಳೆದ್ದಿದ್ದರೆ ಅವನ್ನು ಒಡೆಯದೆ ಚರ್ಮರೋಗ ತಜ್ಞರಿಗೆ ತೋರಿಸಿ.